ಮೂಗಿನ ಅಳತೆಯೂ ಮನುಷ್ಯನ ಬೆಲೆಯೂ

ಮನುಷ್ಯರಲ್ಲಿ ಹುಟ್ಟಿನಿಂದಲೇ ಮೇಲು ಜನಾಂಗ, ಕೀಳು ಜನಾಂಗ ಎಂಬ ಭೇದವಿದೆಯೆಂದೂ ಅದಕ್ಕೆ ವಿಜ್ಞಾನದ ಆಧಾರವಿದೆಯೆಂದೂ ಹೇಳುವವರು ಇಂದಿಗೂ ಇದ್ದಾರೆ. ಹಿಂದೆ ಈ ಮಾತಿಗೆ ದೇವರ ಸಾಕ್ಷಿ ತರುತ್ತಿದ್ದರು. ಕಳೆದ ಎರಡು ಶತಮಾನಗಳಿಂದ ವಿಜ್ಞಾನದ ಸಾಕ್ಷಿ ತರುತ್ತಿದ್ದಾರೆ. ಸಾಕ್ಷಿದಾರ ಬದಲಾದನೇ ಹೊರತು ದಾವೆ ಬದಲಾಗಲಿಲ್ಲ. ಕನ್ನಡದಲ್ಲಿ ಜನಾಂಗ ಎಂಬ ಶಬ್ದವನ್ನು ನಾವು ಜಾತಿಗೂ ಬಳಸುತ್ತೇವೆ. ಆದ್ದರಿಂದ ಇದು ದೂರದೇಶದ ಕರಿಯರ, ಬಿಳಿಯರ ಜಗಳವೆಂದು ಕೈಕಟ್ಟಿ ಕೂಡುವಂತಿಲ್ಲ.

ನಮ್ಮ ದೇಶದಲ್ಲೇ ನಡೆದುದನ್ನು ಮೊದಲು ನೋಡೋಣ. 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲೆ ಅದಕ್ಕೂ ಮುಂಚೆಯೇ ಬಂಗಾಳ ಮೊದಲಾದ ಕಡೆಗಳಲ್ಲಿ ಜನರ ಮೂಗುಗಳನ್ನು ಅಳತೆ ಮಾಡಿಸಿದ್ದ. ಮೂಗು ಕಿರಿದಾದಷ್ಟೂ ಜಾತಿ ಮೇಲು, ಅಗಲವಾದಷ್ಟೂ ಕೀಳು ಎಂಬುದು ಆತನ ಸಿದ್ಧಾಂತ. ಆ ಜನಗಣತಿಯಲ್ಲಿ ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಜೋಡಿಸಲಾಯಿತು. ತಮ್ಮ ಜಾತಿಯನ್ನು ಒಂದು ಮೆಟ್ಟಿಲು ಮೇಲೆ ಬರೆಯಬೇಕೆಂದು ಜಾತಿಸಂಘಗಳು ಸರ್ಕಾರದ ಬಾಗಿಲಿಗೆ ಅರ್ಜಿ ಹಿಡಿದು ಹೋದವು. ಪ್ರಕೃತಿಯೇ ಇಟ್ಟ ಅಂತಸ್ತಾಗಿದ್ದರೆ ಅದನ್ನು ಅರ್ಜಿಯಿಂದ ತಿದ್ದಿಸಿಕೊಳ್ಳುವುದು ಹೇಗೆ ಸಾಧ್ಯ? ಮುಂದೆ 1948ರಲ್ಲಿ ಅಸ್ಪೃಶ್ಯರನ್ನು ಕುರಿತ ತಮ್ಮ ಗ್ರಂಥದಲ್ಲಿ ಡಾ. ಅಂಬೇಡ್ಕರರು ಇದೇ ಮೂಗಿನ ಅಳತೆಗಳನ್ನು ಎದುರಿಗಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರೆಂಬ ವಾದವನ್ನು ಆ ಅಳತೆಗಳೇ ಸುಳ್ಳುಮಾಡುತ್ತವೆಂದು ತೋರಿಸಿದರು.

ಎರಡನೆಯ ಸಂಗತಿ ಬರ್ಲಿನ್ನಿನದು. 1930ರ ಸುಮಾರಿನಲ್ಲಿ ಪುಣೆಯಿಂದ ಅಲ್ಲಿಗೆ ಹೋದ ಇರಾವತಿ ಕರ್ವೆಯವರು ಯೂಜೆನ್ ಫಿಷರ್ ಎಂಬ ಪ್ರಸಿದ್ಧ ಪ್ರಾಧ್ಯಾಪಕನ ಕೈಕೆಳಗೆ ಮಾನವಶಾಸ್ತ್ರದ ಸಂಶೋಧನೆ ನಡೆಸಿದರು. ಬಿಳಿಯರ ತಲೆಬುರುಡೆಯ ಎಡಬಲ ಭಾಗಗಳು ಸಮನಾಗಿಲ್ಲ, ಅದೇ ಅವರ ಹೆಚ್ಚಿನ ಬುದ್ಧಿಗೆ ಗುರುತು ಎಂಬುದು ಆತನ ಊಹೆ. ಕರ್ವೆಯವರು 149 ಬುರುಡೆಗಳನ್ನು ಅಳೆದರು. ಬುರುಡೆಯ ಆ ಏರುಪೇರಿಗೂ ಜನಾಂಗಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಗುರುವಿಗೆ ಒಪ್ಪಿಗೆಯಾಗದ ಈ ಉತ್ತರವನ್ನೇ ಅವರು ಪ್ರಬಂಧದಲ್ಲಿ ಬರೆದುಕೊಟ್ಟರು. ಪರದೇಶದಲ್ಲಿ ಒಬ್ಬ ವಿದ್ಯಾರ್ಥಿನಿ ತೋರಿದ ಈ ಧೈರ್ಯವನ್ನು ಆ ನಾಡಿನ ದೊಡ್ಡ ಪಂಡಿತರು ತೋರಲಿಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. 1935ರಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಬಂದವು. ಆಫ್ರಿಕದ ಸೈನಿಕರಿಗೂ ಜರ್ಮನ್ ತಾಯಂದಿರಿಗೂ ಹುಟ್ಟಿದ ನೂರಾರು ಮಕ್ಕಳಿಗೆ 1937ರಲ್ಲಿ ಬಲಾತ್ಕಾರವಾಗಿ ಸಂತಾನಹರಣ ಶಸ್ತ್ರಕ್ರಿಯೆ ನಡೆಯಿತು. ಕೊನೆಗೆ ಸುಮಾರು 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಬುರುಡೆ ಅಳೆಯುವ ಕೋಣೆಗೂ ಕೊಲೆಯ ಶಿಬಿರಕ್ಕೂ ನಡುವಿನ ದಾರಿ ಬಹಳ ಉದ್ದವಾಗಿರಲಿಲ್ಲ.

ಇಂದು ಮೂಗು, ಬುರುಡೆಗಳನ್ನು ಬಿಟ್ಟು ವಿಜ್ಞಾನಿಗಳು ವಂಶವಾಹಿಗಳನ್ನೇ ಓದುತ್ತಿದ್ದಾರೆ. ಯಾವುದೇ ಇಬ್ಬರು ಮನುಷ್ಯರಲ್ಲಿ ಆ ಬರಹ ನೂರಕ್ಕೆ ಸುಮಾರು 99.9ರಷ್ಟು ಒಂದೇ. ಉಳಿದ ಅಲ್ಪ ವ್ಯತ್ಯಾಸ ಹೇಗೆ ಹಂಚಿದೆಯೆಂಬುದನ್ನು 1972ರಲ್ಲಿ ಅಮೆರಿಕದ ರಿಚರ್ಡ್ ಲೆವೊಂಟಿನ್ ಲೆಕ್ಕಹಾಕಿದರು. ಅದರಲ್ಲಿ ಸುಮಾರು 85 ಪಾಲು ಒಂದೇ ಸಮುದಾಯದ ಒಳಗಿನ ವ್ಯಕ್ತಿ ವ್ಯಕ್ತಿಗಳ ನಡುವಿನದು. ಜನಾಂಗ ಜನಾಂಗಗಳ ನಡುವಿನದು ಆರು ಪಾಲಿನಷ್ಟು ಮಾತ್ರ. ಹೆಚ್ಚಿನ ವ್ಯತ್ಯಾಸ ಸಮುದಾಯದ ಒಳಗೇ ಇದೆಯೆಂಬ ಈ ನಿರ್ಣಯವನ್ನು ಮುಂದಿನ ಸಂಶೋಧನೆಗಳೂ ಎತ್ತಿಹಿಡಿದಿವೆ.

ಹಾಗಾದರೆ ಕಣ್ಣಿಗೆ ಕಾಣುವ ಭೇದ ಸುಳ್ಳೇ ಎಂದು ಕೆಲವರು ಕೇಳಬಹುದು. ಸುಳ್ಳಲ್ಲ. ಆದರೆ ಭೇದ ಬೇರೆ, ಅಂತಸ್ತು ಬೇರೆ. ಮೈಬಣ್ಣ ಬಿಸಿಲಿಗೆ ತಕ್ಕಂತೆ ಸಾವಿರಾರು ವರ್ಷಗಳಲ್ಲಿ ಒದಗಿದ ಹೊದಿಕೆ. ಅದು ಬುದ್ಧಿಯ ಲೆಕ್ಕ ಹೇಳುವುದಿಲ್ಲ. ಕುಡಗೋಲು ಕಣದ ರಕ್ತರೋಗವನ್ನು ಒಂದು ಕಾಲಕ್ಕೆ ಕರಿಯರ ರೋಗವೆನ್ನುತ್ತಿದ್ದರು. 1952ರಲ್ಲಿ ಅದರ ಲಕ್ಷಣ ನೀಲಗಿರಿಯ ಬುಡಕಟ್ಟುಗಳಲ್ಲಿ ಕಂಡುಬಂತು. ಗ್ರೀಸ್, ಅರಬಸ್ತಾನಗಳಲ್ಲೂ ಅದುಂಟು. ಅದು ಹಿಂಬಾಲಿಸಿದ್ದು ಜನಾಂಗವನ್ನಲ್ಲ, ಮಲೇರಿಯ ಜ್ವರವನ್ನು. ವಂಶವಾಹಿಯಿಂದ ನಮ್ಮ ಹಿರಿಯರು ಯಾವ ಸೀಮೆಯವರೆಂದು ತಿಳಿಯಬಹುದು. ಯಾರು ಯಾರಿಗೆ ನೀರೆತ್ತಬೇಕೆಂದು ತಿಳಿಯಲಾರದು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಗುಲಾಮರಾಗಿ ಆಫ್ರಿಕದಿಂದ ತರಲ್ಪಟ್ಟವರ ಸಂತತಿ ಅವರು. ಕೊಂಕಣಿ, ಕನ್ನಡಗಳನ್ನಾಡುವ ನಮ್ಮ ನಾಡಿಗರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅದಕ್ಕೂ ಹಿಂದೆ, 1980ರ ದಶಕದಲ್ಲಿ, ಆಫ್ರಿಕದ ರಕ್ತವಿರುವುದರಿಂದ ಇವರು ಚೆನ್ನಾಗಿ ಓಡುವರೆಂಬ ಎಣಿಕೆಯಿಂದ ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಊಟ, ಗುರು, ಅಭ್ಯಾಸ ಸಿಕ್ಕಿದಾಗ ಕೆಲವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಓಟವೂ ನಿಂತಿತು. ಅವರ ರಕ್ತ ಬದಲಾಯಿತೇ? ಇಲ್ಲ, ನಿಂತದ್ದು ಊಟ ಮತ್ತು ಅಭ್ಯಾಸ. ರಕ್ತವನ್ನು ಹೊಗಳುವ ಮಾತೂ ತೆಗಳುವ ಮಾತಿನಷ್ಟೇ ಮೋಸದ್ದು. ಎರಡೂ ಮನುಷ್ಯನನ್ನು ನೋಡದೆ ಅವನ ಚರ್ಮವನ್ನು ನೋಡುತ್ತವೆ. ಎರಡೂ ಶಾಲೆ, ಭೂಮಿ, ಕೂಲಿಗಳ ಪ್ರಶ್ನೆಯನ್ನು ಮರೆಸುತ್ತವೆ.

ಜನಾಂಗಗಳಿಗೆ ಬುದ್ಧಿಯ ಮೇಲುಕೀಳು ಕಟ್ಟಲು ಆಧಾರವಿಲ್ಲವೆಂದು ಯುನೆಸ್ಕೋ ಸಂಸ್ಥೆ ಕರೆದ ವಿದ್ವಾಂಸರು 1950ರಲ್ಲೇ ಸಾರಿದರು. ಆದರೂ ನಮ್ಮ ಪತ್ರಿಕೆಗಳ ವಧೂವರರ ಜಾಹೀರಾತುಗಳಲ್ಲಿ ಬಿಳಿ ಬಣ್ಣಕ್ಕೆ ಬೆಲೆಯಿದೆ; ಸಿದ್ದಿ ಹುಡುಗನನ್ನು ಪರದೇಶಿಯೆಂದು ಕೇಳುವವರು ಅವನ ನಾಡಿನಲ್ಲೇ ಇದ್ದಾರೆ. ಇದನ್ನು ಪ್ರಯೋಗಶಾಲೆ ತಿದ್ದಲಾರದು. ಶಾಲೆಯ ಪಾಠದಲ್ಲಿ ರಿಸ್ಲೆಯ ಮೂಗಿನ ಕಥೆಯನ್ನೂ ಕರ್ವೆಯವರ ಬುರುಡೆಗಳ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. ಸಿದ್ದಿ ಮಕ್ಕಳಿಗೆ ಪದಕದ ಆಸೆ ತೋರಿಸುವ ಮೊದಲು ಒಳ್ಳೆಯ ಶಾಲೆ, ಅವರ ತಂದೆತಾಯಿಗಳಿಗೆ ಉಳುವ ನೆಲದ ಹಕ್ಕುಪತ್ರ ಸಿಗಬೇಕು. ಹುಟ್ಟಿನಿಂದ ಕೀಳೆನಿಸಿಕೊಂಡವರಿಗೆ ಸಮಾನ ಅವಕಾಶ ಕೊಟ್ಟು ನೋಡದೆ ಅವರ ಯೋಗ್ಯತೆಯ ಮಾತಾಡುವ ಅಧಿಕಾರ ಯಾರಿಗೂ ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.