ಚಿಲ್ಲರೆಯಲ್ಲಿ ಬಂದ ಭಂಡಾರಿ

ಶಿಕಾರಿಪುರ, ಸೊರಬಗಳ ಸಂತೆಯಲ್ಲಿ ಚಿಲ್ಲರೆಯನ್ನು ಎಣಿಸುವವರೇ ಎಲ್ಲರೂ. ತಿರುವಿ ನೋಡುವವರು ವಿರಳ. ನಾನು ತಿರುವಿ ನೋಡುವ ಪಂಗಡದವನು.

ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳಾದ ೧೯೬೪ರ ನೆಹರೂ ರೂಪಾಯಿ, ಅರ್ಧ ರೂಪಾಯಿಗಳು ಚಿಲ್ಲರೆಯಿಂದ ಮರೆಯಾಗಿ ಬಹುಕಾಲವಾಯಿತು. ೨೦೦೬ರ ಬಸವೇಶ್ವರರ ಐದು ರೂಪಾಯಿಯಾದರೋ ಅಪರೂಪಕ್ಕೊಮ್ಮೆ ಕೈಸೇರುವುದುಂಟು. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಶಿಕಾರಿಪುರದ ಸೀಮೆಯವೇ. ಕಲ್ಯಾಣಕ್ಕೆ ನಡೆದುಹೋದವರ ನಾಡಿಗೆ ಬಿಜ್ಜಳನ ಭಂಡಾರಿಯೇ ನಾಣ್ಯವಾಗಿ ಬಂದಂತಾಯಿತು!

ಇಸವಿಯ ಬಳಿಯ ಗುರುತನ್ನೂ ಗಮನಿಸಬೇಕು. ವಜ್ರಾಕೃತಿ ಮುಂಬಯಿ ಟಂಕಸಾಲೆಯದು, ನಕ್ಷತ್ರ ಹೈದರಾಬಾದಿನದು, ಚುಕ್ಕೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಹುಣಸೆಹಣ್ಣು ಹಚ್ಚಿ ಉಜ್ಜುವ ಉತ್ಸಾಹ ಮಾತ್ರ ಬೇಡ. ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆ ಕುಗ್ಗುತ್ತದೆ.

ಇದಕ್ಕಿಂತ ಘೋರವಾದುದು, ಹಳೆಯ ನಾಣ್ಯಕ್ಕೆ ಲಕ್ಷಗಳ ಆಸೆ ತೋರಿಸಿ ಮುಂಗಡ ಶುಲ್ಕ ಕೀಳುವ ವಂಚನೆ. ತನ್ನ ಹೆಸರನ್ನೇ ಬಳಸಿ ಇದು ನಡೆಯುತ್ತಿದೆಯೆಂದು ರಿಸರ್ವ್ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ ಎಚ್ಚರಿಸಿತು. ತಾನು ಅಂಥ ಶುಲ್ಕ ಕೇಳುವುದೇ ಇಲ್ಲವೆಂದೂ ಸಾರಿತು. ಹಳ್ಳಿಗಳಲ್ಲಿ ಅಜ್ಜಿಯರ ಅಡಕೆಚೀಲದ ನಾಣ್ಯವನ್ನು ನಂಬಿ ಮೊಮ್ಮಕ್ಕಳು ದೂರವಾಣಿಯ ಅಪರಿಚಿತ ದನಿಗೆ ಹಣ ಕಳುಹಿಸುವ ಮುನ್ನ ಈ ಮಾತು ಅವರ ಕಿವಿಗೆ ಬೀಳಬೇಕಾಗಿದೆ.