ಯಂತ್ರ ಬರಲಿ, ಲೆಕ್ಕ ನಮ್ಮ ಕೈಯಲ್ಲಿರಲಿ

ಹೊಲಕ್ಕೂ ಅಂಗಡಿಗೂ ಅಂತರ್ಜಾಲ ಬರಬೇಕೆಂಬ ಮಾತು ಈಗ ಸರಕಾರದ ಬಾಯಲ್ಲೂ ಕಂಪನಿಗಳ ಬಾಯಲ್ಲೂ ಒಂದೇ ಸಮನೆ ಕೇಳಿಬರುತ್ತಿದೆ. ಸಮಾಜವಾದಿಗಳಾದ ನಾವು ಯಂತ್ರವೆಂದೊಡನೆ ಹುಬ್ಬು ಗಂಟಿಕ್ಕುವವರಲ್ಲ. ರಾತ್ರಿ ಮೂರು ಫೇಜಿನ ಕರೆಂಟು ಬಂದಾಗ ಹಾವಿಗೆ ಅಂಜುತ್ತ ಬಾವಿಗೆ ಓಡುತ್ತಿದ್ದ ರೈತನು ಇಂದು ಮನೆಯಿಂದಲೇ ಮೊಬೈಲ್ ಸ್ಟಾರ್ಟರಿನಿಂದ ಪಂಪು ಚಾಲೂ ಮಾಡಬಲ್ಲನು. ಇದನ್ನು ಬೇಡವೆನ್ನಲು ಯಾರಿಗೆ ಮನಸ್ಸಾದೀತು? ನಮ್ಮ ಪ್ರಶ್ನೆ ಬೇರೆ. ಯಂತ್ರದ ಒಂದು ತುದಿ ದುಡಿಯುವವನ ಕೈಯಲ್ಲಿದೆ. ಇನ್ನೊಂದು ತುದಿ ಯಾರ ಕೈಯಲ್ಲಿದೆ?

ಡಾಕ್ಟರ್ ಲೋಹಿಯಾ ಅವರು ೧೯೫೨ರ ಪಚ್‌ಮಢಿ ಸಮ್ಮೇಳನದಲ್ಲಿ ಸಣ್ಣ ಯಂತ್ರದ ವಿಚಾರವನ್ನು ದೇಶದ ಮುಂದಿಟ್ಟರು. ಅಂಗೈಯಲ್ಲಿ ಹಿಡಿಯುವ ಫೋನು ನೋಡಲು ಆ ಸಣ್ಣ ಯಂತ್ರವೇ. ಆದರೆ ಅದರ ಬೇರು ಮಾತ್ರ ದೊಡ್ಡ ಬಂಡವಾಳದಲ್ಲಿದೆ. ಗೋಕಾಕದ ಕರದಂಟಿನ ಅಂಗಡಿಯಲ್ಲಿ, ಹುಕ್ಕೇರಿಯ ಚಹದಂಗಡಿಯಲ್ಲಿ ಸ್ಕ್ಯಾನರ್ ಫಲಕ ನೇತಾಡುತ್ತಿದೆ. ೨೦೧೬ರಲ್ಲಿ ಆರಂಭವಾದ ಈ ಯುಪಿಐ ವ್ಯವಸ್ಥೆಯು ಚಿಲ್ಲರೆಯ ಪೇಚಾಟವನ್ನು ತಪ್ಪಿಸಿತು, ನಿಜ. ಆದರೆ ೨೦೨೫ರ ಹೊತ್ತಿಗೆ ಅದರ ವ್ಯವಹಾರದ ಐದರಲ್ಲಿ ನಾಲ್ಕು ಪಾಲು ಫೋನ್‌ಪೇ, ಗೂಗಲ್‌ಪೇ ಎಂಬ ಎರಡೇ ಕಂಪನಿಗಳ ಮೂಲಕ ನಡೆಯಿತು. ಎರಡರ ಒಡೆತನವೂ ಅಮೆರಿಕದ ಬಂಡವಾಳದ್ದು. ಯಾವ ಕಂಪನಿಗೂ ನೂರಕ್ಕೆ ೩೦ಕ್ಕಿಂತ ಹೆಚ್ಚಿನ ಪಾಲು ಇರಕೂಡದೆಂದು ೨೦೨೦ರಲ್ಲಿಯೇ ನಿಯಮವಾಯಿತು; ಅದರ ಜಾರಿಯನ್ನು ಮುಂದೂಡುತ್ತ ೨೦೨೬ರ ಕೊನೆಗೆ ತಂದಿಟ್ಟರು. ಬಡವನ ಸಾಲದ ಕಂತಿಗೆ ಇಂತಹ ಸವಲತ್ತು ಎಂದಾದರೂ ಸಿಕ್ಕೀತೇ?

ಕಬ್ಬಿನ ಮಾತಿಗೆ ಬರೋಣ. ೨೦೨೫ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಯಲ್ಲಿಯೇ ಉಂಡು ಮಲಗಿ ಟನ್ನಿಗೆ ೩,೫೦೦ ರೂಪಾಯಿ ದರ ಕೇಳಿದರು. ಕೊನೆಗೆ ೩,೩೦೦ಕ್ಕೆ ಒಪ್ಪಂದವಾಯಿತು. ಆದರೆ ದರವೊಂದೇ ಸಾಲದು. ಕಬ್ಬಿನ ಬಿಲ್ಲು ತೂಕದ ಮೇಲೆ ನಿಂತಿದೆ. ದರವು ಸಕ್ಕರೆಯ ಇಳುವರಿಯ ಮೇಲೆ ನಿಂತಿದೆ. ತೂಕದ ಕಾಟಾ ಕಾರಖಾನೆಯದು, ಇಳುವರಿ ಅಳೆಯುವ ಪ್ರಯೋಗಶಾಲೆಯೂ ಕಾರಖಾನೆಯದು. ರೈತನ ಹೊಲದ ತೇವವನ್ನು ಅಳೆಯುವ ಸೆನ್ಸರಿನ ಬಗೆಗೆ ಇಷ್ಟು ಉತ್ಸಾಹ ತೋರುವವರು, ಕಾರಖಾನೆಯ ಕಾಟಾವನ್ನು ರೈತನ ಫೋನಿಗೆ ಜೋಡಿಸುವ ಮಾತು ಬಂದಾಗ ಏಕೆ ಮೆಲ್ಲಗಾಗುತ್ತಾರೆ? ಬಡವನ ಲೆಕ್ಕ ಶ್ರೀಮಂತನಿಗೆ ಕಾಣಬೇಕು, ಶ್ರೀಮಂತನ ಲೆಕ್ಕ ಬಡವನಿಗೆ ಕಾಣಬಾರದು ಎಂಬುದು ಪ್ರಗತಿಯಲ್ಲ. ಹಳೆಯ ಸಾಹುಕಾರಿಕೆಯೇ ಹೊಸ ಅಂಗಿ ತೊಟ್ಟು ಬಂದಿದೆ.

ದಾರಿ ಎಲ್ಲಿದೆ ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ೧೯೬೯ರಲ್ಲಿ ದೇಶದಲ್ಲಿ ಪ್ರಯೋಗಾರ್ಥವಾಗಿ ಆರಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಕರೆಂಟೆಂಬುದು ಹಳ್ಳಿಗೆ ಹೊಸದಾಗಿದ್ದ ಕಾಲದಲ್ಲಿ ಕಂಬ, ತಂತಿ, ಮೀಟರುಗಳ ಒಡೆತನವನ್ನು ಬಳಸುವ ಜನರೇ ಪಡೆಯಬಹುದೆಂದು ಆ ತಾಲೂಕು ತೋರಿಸಿತು. ಸಂಘ ಇಂದಿಗೂ ಬದುಕಿದೆ. ಅದರ ಆಡಳಿತಕ್ಕಾಗಿ ೨೦೨೫ರಲ್ಲಿ ದೊಡ್ಡ ಮನೆತನಗಳು ನಡೆಸಿದ ಹಣಾಹಣಿಯನ್ನೂ ನಾವು ಕಂಡಿದ್ದೇವೆ. ಸದಸ್ಯರು ಮಲಗಿದರೆ ಸಹಕಾರವೂ ಧಣಿಗಳ ಸೊತ್ತಾಗುತ್ತದೆಂಬುದು ಅದರ ಇನ್ನೊಂದು ಪಾಠ.

ಈಗ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರು ಬರುತ್ತಿದೆ. ದೇಶದ ೬೩,೦೦೦ ಸಂಘಗಳಿಗಾಗಿ ೨,೫೧೬ ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರವು ೨೦೨೨ರಲ್ಲಿ ಮಂಜೂರಾತಿ ನೀಡಿತು. ಆ ಕಂಪ್ಯೂಟರು ಸಾಲ ವಸೂಲಿಯ ಪಟ್ಟಿ ಮಾಡುವುದಕ್ಕಷ್ಟೇ ಮೀಸಲಾಗಕೂಡದು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು: ಕಾಟಾದ ಮೇಲೆ ಗಾಡಿ ನಿಂತ ಕ್ಷಣವೇ ತೂಕವು ರೈತನ ಫೋನಿಗೂ ಸರಕಾರದ ದಾಖಲೆಗೂ ಒಟ್ಟಿಗೆ ಹೋಗಬೇಕು. ಎರಡು: ಹವೆ ಮತ್ತು ಮಣ್ಣಿನ ತೇವ ಅಳೆಯುವ ಸಾಧನಗಳು ಊರಿನ ಸೊಸಾಯಿಟಿಯ ಸ್ವತ್ತಾಗಬೇಕು, ಎರಡೆಕರೆಯವನೂ ಕೂಲಿಗೆ ಹೋಗುವ ತಾಯಿಯೂ ಅದರ ಮಾಹಿತಿಯನ್ನು ಕನ್ನಡದಲ್ಲಿ ಕೇಳುವಂತಿರಬೇಕು. ಮೂರು: ನಮ್ಮ ಹೊಲದ, ಅಂಗಡಿಯ ಲೆಕ್ಕವನ್ನು ನಮ್ಮ ಒಪ್ಪಿಗೆಯಿಲ್ಲದೆ ಯಾರಿಗೂ ಮಾರಕೂಡದು.

ಗುರ್ಲಾಪುರದಲ್ಲಿ ಕೂಡಿದ ಜನರು ಇನ್ನು ತಮ್ಮೂರಿನ ಸೊಸಾಯಿಟಿಯ ಸರ್ವಸಾಧಾರಣ ಸಭೆಯಲ್ಲೂ ಕೂಡಬೇಕು. ಮುಂದಿನ ಸಭೆಯಲ್ಲಿ ಈ ಮೂರು ಬೇಡಿಕೆಗಳನ್ನು ಠರಾವಾಗಿ ಮಂಡಿಸಿರಿ. ಯಂತ್ರವು ತಾನಾಗಿ ಬರುತ್ತದೆ. ನ್ಯಾಯವನ್ನು ಮಾತ್ರ ನಾವೇ ತರಬೇಕಾಗಿದೆ.