ಗಾಯ ಮಾಯ್ದ ಮೇಲಿನ ಉಪಚಾರ

ಸುಟ್ಟಗಾಯದ ಮಗು ದವಾಖಾನೆಯಿಂದ ಮನೆಗೆ ಬಂದ ದಿನ ಓಣಿಯ ಮಂದಿಯೆಲ್ಲ ನೋಡಲು ಬರುತ್ತಾರೆ. ದೃಷ್ಟಿ ತೆಗೆಯುತ್ತಾರೆ, ದೇವರಿಗೆ ಕಾಯಿ ಒಡೆಸುತ್ತಾರೆ, ‘ದೊಡ್ಡ ಗಂಡಾಂತರ ಹೋತು’ ಎನ್ನುತ್ತಾರೆ. ಜೀವಕ್ಕಿದ್ದ ಗಂಡಾಂತರ ಹೋದದ್ದು ನಿಜ. ಆದರೆ ಆ ಕೂಸು ಮುಂದೆ ಬೆರಳು ಚಾಚಿ ರೊಟ್ಟಿ ಮುರಿಯುತ್ತದೆಯೇ, ಕತ್ತೆತ್ತಿ ನೋಡುತ್ತದೆಯೇ, ಅಂಜದೆ ಸಾಲಿಗೆ ಹೋಗುತ್ತದೆಯೇ ಎಂಬುದು ಗೊತ್ತಾಗುವುದು ಅಲ್ಲಿಂದಾಚೆಗಿನ ಒಂದೂವರೆ–ಎರಡು ವರ್ಷಗಳಲ್ಲಿ. ಆ ಕಾಲದ ಉಪಚಾರ ನಡೆಯುವುದು ಮನೆಯಲ್ಲೇ, ಬಹುಪಾಲು ಅವ್ವನ ಕೈಯಲ್ಲೇ.

ಐದು ವರ್ಷದೊಳಗಿನ ಮಕ್ಕಳು ಸುಟ್ಟುಕೊಳ್ಳುವುದು ಹೆಚ್ಚಾಗಿ ಬೆಂಕಿಯಿಂದಲ್ಲ, ಕುದಿಯುವ ಪದಾರ್ಥದಿಂದ. ಬಚ್ಚಲ ಹಂಡೆಯ ನೀರು, ಒಲೆಯಿಂದಿಳಿಸಿ ನೆಲದ ಮೇಲಿಟ್ಟ ಸಾರು, ಬಕೆಟ್ಟಿಗೆ ಬಿಟ್ಟ ಕರೆಂಟಿನ ಕಾಯಿಲ್ ಎಲ್ಲ ಊರಿನಲ್ಲೂ ಇವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಕಡೆ ಇದಕ್ಕೆ ಬೆಲ್ಲದ ಗಾಣವೂ ನೂಲಿಗೆ ಬಣ್ಣ ಹಾಕುವ ಬಿಸಿನೀರೂ ಸೇರುತ್ತವೆ. ನೀರು ನೂರು ಡಿಗ್ರಿಗೆ ಕುದಿಯುತ್ತದೆ, ಬೆಲ್ಲ ಹದಕ್ಕೆ ಬರುವ ಹೊತ್ತಿಗೆ ಪಾಕ ಇನ್ನೂ 15–18 ಡಿಗ್ರಿ ಮೇಲೇರಿರುತ್ತದೆ. ಅದು ಮೈಗೆ ಅಂಟಿಕೊಂಡು ಕೂರುವುದರಿಂದ ಗಾಯವೂ ಆಳಕ್ಕಿಳಿಯುತ್ತದೆ. ಸುಟ್ಟ ತಕ್ಷಣ ಮಸಿ, ಟೂತ್‌ಪೇಸ್ಟ್, ಅರಿಶಿಣ, ಐಸ್ ಯಾವುದೂ ಬೇಡ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಲಿ, ಉಳಿದ ಮೈ ಬೆಚ್ಚಗಿರಲಿ, ಆಮೇಲೆ ಶುಭ್ರ ಬಟ್ಟೆ ಹೊದಿಸಿ 108 ಕರೆಯಿರಿ. ಮಗುವಿನ ಅಂಗೈ, ಬೆರಳು ಸೇರಿ, ಅದರ ಮೈಯ ಸುಮಾರು ಶೇ 1ರಷ್ಟು. ಅಂಥ ಹತ್ತು ಅಂಗೈಯಷ್ಟು ಸುಟ್ಟಿದ್ದರೆ ದೊಡ್ಡ ದವಾಖಾನೆಯ ಮಾತೇ ಸರಿ. ಮುಖ, ಕೈ, ಕೀಲುಗಳ ಮೇಲಿನ ಗಾಯವಾದರೆ ಅಷ್ಟು ದೊಡ್ಡದಿರಬೇಕಿಲ್ಲ, ಸಣ್ಣದಾದರೂ ಅಲ್ಲಿಗೇ ಒಯ್ಯಬೇಕು.

ಮೇಲುಮೇಲೆ ಸುಟ್ಟ ಗಾಯ ಎರಡು ವಾರದೊಳಗೆ ಮಾಯುತ್ತದೆ, ಹೆಚ್ಚು ಕಲೆಯೂ ಉಳಿಯುವುದಿಲ್ಲ. ಮೂರು ವಾರ ದಾಟಿದರೆ ದಪ್ಪ ಕಲೆ ಏಳುವ ಸಂಭವ ಹೆಚ್ಚು. ಅದಕ್ಕೇ ಆಳದ ಗಾಯಕ್ಕೆ ವೈದ್ಯರು ಚರ್ಮ ಕಸಿ ಮಾಡುತ್ತಾರೆ. ಸಾಮಾನ್ಯವಾಗಿ ತೊಡೆಯಿಂದ ತೆಳ್ಳಗಿನ ಪದರ ತೆಗೆದು ಗಾಯಕ್ಕೆ ಹೊದಿಸುತ್ತಾರೆ. ‘ಸುಡದ ತೊಡೀಗೂ ಯಾಕ ಪಟ್ಟಿ?’ ಎಂದು ಮನೆಯವರು ಗಾಬರಿಯಾಗುವುದು ಇಲ್ಲಿಯೇ. ಆ ತೊಡೆ ಸುಟ್ಟ ಜಾಗಕ್ಕಿಂತ ಹೆಚ್ಚು ಉರಿಯುವುದೂ ಉಂಟು. ಎರಡು ವಾರದಲ್ಲಿ ತಾನೇ ಮಾಯುತ್ತದೆ.

ನಮ್ಮ ಚರ್ಮದೊಳಗಿನ ಎಳೆಗಳು ಹಾಸು–ಹೊಕ್ಕು ಕೂಡಿದ ಬಟ್ಟೆಯಂತೆ ಎಲ್ಲ ಕಡೆಗೂ ಜಗ್ಗುತ್ತವೆ. ಕಲೆಯಾದ ಜಾಗದಲ್ಲಿ ದೇಹ ಅವಸರದಲ್ಲಿ ಹೆಣೆದ ಎಳೆಗಳು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಬಿದ್ದು ತಿಂಗಳುಗಟ್ಟಲೆ ಸೆಳೆಯುತ್ತಲೇ ಇರುತ್ತವೆ. ಮಗುವಿಗೆ ನೋವಾದಾಗ ಅದು ಸುಟ್ಟ ಕೈಯನ್ನು ಮಡಚಿ ಎದೆಗೊತ್ತಿಕೊಳ್ಳುತ್ತದೆ, ಸುಟ್ಟ ಕುತ್ತಿಗೆಯನ್ನು ಗದ್ದದ ಕೆಳಗೆ ಬಾಗಿಸುತ್ತದೆ. ಯಾವ ಭಂಗಿಯಲ್ಲಿ ಅದಕ್ಕೆ ಹಾಯೆನಿಸುತ್ತದೋ ಆ ಭಂಗಿಯಲ್ಲೇ ಕೀಲು ಸೆಟೆದು ನಿಲ್ಲುತ್ತದೆ. ತಾಯಿಯ ಕರುಳಿಗೆ ಇದು ಕಠಿಣ ಪರೀಕ್ಷೆ. ‘ಪಾಪ, ಹಾಂಗ ಮಲಗಲಿ’ ಎಂದು ಬಿಟ್ಟ ಅಂತಃಕರಣವೇ ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ದಾರಿ ಮಾಡುತ್ತದೆ. ಹಾಗಾಗಿ ಕುತ್ತಿಗೆಯ ಮುಂಭಾಗ ಸುಟ್ಟ ಮಗುವಿಗೆ ತಲೆದಿಂಬು ಕೊಡುವುದಿಲ್ಲ. ಹೆಗಲ ಕೆಳಗೆ ಮಡಚಿದ ದುಪ್ಪಟಿ ಇಟ್ಟು ಕುತ್ತಿಗೆ ಹಿಂದಕ್ಕೆ ಚಾಚುವಂತೆ ಮಲಗಿಸುತ್ತಾರೆ. ಕಂಕುಳ ಸುಟ್ಟಿದ್ದರೆ ತೋಳನ್ನು ಮೈಯಿಂದ ದೂರ ಚಾಚಿಡಬೇಕು. ಅಂಗೈ ಸುಟ್ಟಿದ್ದರೆ ರಾತ್ರಿ ಬೆರಳು ನೆಟ್ಟಗಿಡುವ ಸ್ಪ್ಲಿಂಟ್ ಕಟ್ಟಿ, ಹಗಲು ಬಿಚ್ಚಿ ಆ ಕೈಗೇ ಕೆಲಸ ಕೊಡಬೇಕು: ಶೇಂಗಾ ಸುಲಿಯುವುದು, ಹಿಟ್ಟಿನ ಉಂಡೆ ಹಿಚುಕುವುದು. ಮೂರು ವರ್ಷದ ಹುಡುಗನಿಗೆ ‘ವ್ಯಾಯಾಮ ಮಾಡು’ ಎಂದರೆ ಮಾಡುವುದಿಲ್ಲ. ಮೇಲೆ ಕಟ್ಟಿದ ಬಲೂನು ಹೊಡೆ ಎಂದರೆ ತೋಳು ತಾನೇ ಎತ್ತುತ್ತಾನೆ.

ಕಲೆ ಉಬ್ಬದಂತೆ ಮೈಗೊತ್ತಿ ಹಿಡಿಯುವ ಪ್ರೆಷರ್ ಗಾರ್ಮೆಂಟನ್ನು ದಿನದ 23 ತಾಸು ತೊಡಿಸಲು ಹೇಳುತ್ತಾರೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಇದು ಎಷ್ಟು ಕಷ್ಟವೆಂದು ಹೇಳಬೇಕಿಲ್ಲ. ಕಸಿ ಮಾಡಿದ ಚರ್ಮಕ್ಕೆ ಬೆವರು ಬರುವುದಿಲ್ಲ, ಎಣ್ಣೆಯ ಪಸೆಯೂ ಇರುವುದಿಲ್ಲ. ಆದ್ದರಿಂದ ಮಗುವಿನ ಮೈ ಬೇಗ ಕಾಯುತ್ತದೆ, ಚರ್ಮ ಒಡೆಯುತ್ತದೆ, ಕಡಿತ ಏಳುತ್ತದೆ. ಕಡಿತ ಜೋರಾಗುವುದು ರಾತ್ರಿ. ಉಗುರು ಮೊಂಡಾಗಿ ಕತ್ತರಿಸಿ, ವಾಸನೆಯಿಲ್ಲದ ಮುಲಾಮನ್ನೋ ಕೊಬ್ಬರಿ ಎಣ್ಣೆಯನ್ನೋ ಮಾಯ್ದ ಕಲೆಯ ಮೇಲೆ ದಿನಕ್ಕೆ ನಾಲ್ಕೈದು ಸಲ ಒತ್ತಿ ತಿಕ್ಕಬೇಕು. ತಣ್ಣನೆಯ ಒದ್ದೆ ಬಟ್ಟೆಯೂ ಹಾಯೆನಿಸುತ್ತದೆ. ಇಷ್ಟಾದರೂ ನಿದ್ದೆ ಕೆಡುತ್ತಿದ್ದರೆ ಕಡಿತಕ್ಕೆ ಗುಳಿಗೆಗಳಿವೆ, ವೈದ್ಯರನ್ನು ಕೇಳಲು ಸಂಕೋಚ ಬೇಡ.

ಪಟ್ಟಿ ಬಿಚ್ಚುವ ಹೊತ್ತು ಮನೆಯಲ್ಲಿ ಎಲ್ಲರಿಗೂ ಯಾತನೆಯದು. ನೋವಿನ ಔಷಧವನ್ನು ಅರ್ಧ ತಾಸು ಮೊದಲೇ ಕೊಟ್ಟಿರಬೇಕು. ಅಂಟಿದ ಪಟ್ಟಿಯನ್ನು ಕಾಯಿಸಿ ಆರಿಸಿದ ನೀರಿನಿಂದ ನೆನೆಸಿ ಬಿಡಿಸಬೇಕು. ‘ಏನೂ ಆಗಂಗಿಲ್ಲ’ ಎಂದು ಸುಳ್ಳು ಹೇಳಿದರೆ ಮಗು ಮರುದಿನ ನಂಬುವುದಿಲ್ಲ. ‘ಸ್ವಲ್ಪ ನೋಯತೈತಿ, ನಾ ಇಲ್ಲೇ ಇರ್ತೀನಿ’ ಎನ್ನುವುದೇ ಲೇಸು. ಯಾವ ಕೈಯ ಪಟ್ಟಿ ಮೊದಲು ಬಿಚ್ಚಲಿ ಎಂದು ಅದನ್ನೇ ಕೇಳಿ, ಹಿಡಿತವೆಲ್ಲ ತಪ್ಪಿಹೋದ ಮಗುವಿಗೆ ಅಷ್ಟು ಅಧಿಕಾರ ದೊಡ್ಡದು. ಹಾಗೆಯೇ ಅಳಬೇಡವೆನ್ನಬೇಡಿ. ಹಾಸಿಗೆ ಒದ್ದೆಯಾಗುವುದು, ಬಿಟ್ಟಿದ್ದ ಬೆರಳು ಚೀಪುವುದು, ಒಲೆ ಕಂಡರೆ ಚೀರುವುದು ಕೆಲವು ತಿಂಗಳು ಇರುತ್ತವೆ, ಅದು ಹಟವಲ್ಲ. ಸಣ್ಣ ಮಕ್ಕಳು ನೋವನ್ನು ತಮ್ಮ ತಪ್ಪಿಗಾದ ಶಿಕ್ಷೆಯೆಂದೇ ತಿಳಿಯುತ್ತಾರೆ. ‘ನೀ ಮಾಡಿದ್ದಕ್ಕ ಹಿಂಗ ಆಗಿಲ್ಲ, ಇದು ಬಿಸಿನೀರು ಬಿದ್ದು ಆದದ್ದು’ ಎಂದು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಊಟದ ಪಥ್ಯ ನಮ್ಮ ಭಾಗದಲ್ಲಿ ದೊಡ್ಡ ತೊಡಕು. ತತ್ತಿ, ಬೇಳೆ, ಮೊಸರು ಕೊಟ್ಟರೆ ಗಾಯ ಕೀವಾಗುತ್ತದೆಂದು ಹಿರಿಯರು ತಡೆಯುತ್ತಾರೆ. ಚರ್ಮ ಕಟ್ಟಲು ಬೇಕಾದ ಸಾಮಾನೇ ಅವು. ಸುಟ್ಟಗಾಯದ ಮಗುವಿಗೆ ಮಾಮೂಲಿಗಿಂತ ಹೆಚ್ಚು ಪ್ರೋಟೀನು, ಹೆಚ್ಚು ಊಟ ಬೇಕು: ತತ್ತಿ, ಹಾಲು, ಮಡಕೆ ಕಾಳು, ಶೇಂಗಾ ಹಿಂಡಿ. ಬರೀ ಗಂಜಿ ಕುಡಿಸಿದರೆ ಕಸಿಯೂ ಹಿಡಿಯುವುದು ಕಷ್ಟ.

ಇನ್ನು ಅವ್ವನ ಮಾತು. ‘ನಿನ್ನ ಕಣ್ಣ ಎಲ್ಲಿದ್ದುವು?’ ಎಂಬ ಪ್ರಶ್ನೆ ಅತ್ತೆಯಿಂದ, ನೆರೆಯವರಿಂದ, ಕೆಲವೊಮ್ಮೆ ಗಂಡನಿಂದಲೇ ಬರುತ್ತದೆ. ಅಡುಗೆ, ಮಗ್ಗದ ಕೆಲಸ, ಹೊಲ, ಮೂರು ಮಕ್ಕಳು ಒಬ್ಬಳ ಮೈಮೇಲಿದ್ದಾಗ ಕಣ್ಣು ಎಲ್ಲೆಲ್ಲಿ ಇರಬೇಕು? ತನ್ನನ್ನೇ ಹಳಿದುಕೊಳ್ಳುವ ತಾಯಿ ಮಗುವಿನ ಕೈ ಚಾಚಿಸಲು ಹಿಂಜರಿಯುತ್ತಾಳೆ, ಅಳು ಸಹಿಸಲಾರದೆ ಬಿಟ್ಟುಬಿಡುತ್ತಾಳೆ. ಅವಳನ್ನು ದೂರುವುದರ ಪೆಟ್ಟು ಕೊನೆಗೆ ಬೀಳುವುದು ಕೂಸಿನ ಕೀಲಿಗೇ. ಅಪ್ಪನೂ ತಿಕ್ಕಲು, ಪಟ್ಟಿ ಬದಲಿಸಲು ಕಲಿಯಲಿ.

ಅಂಗನವಾಡಿಗೆ ಕಳಿಸುವ ಮುಂಚೆ ಟೀಚರಮ್ಮನ ಜೊತೆ ಮಾತಾಡಿ, ಇದು ಅಂಟುವ ರೋಗವಲ್ಲವೆಂದು ಅವರೇ ಉಳಿದ ಮಕ್ಕಳಿಗೆ ಹೇಳಲಿ. ಕೇಳಿದವರಿಗೆ ಕೊಡಲು ಮಗುವಿಗೂ ಒಂದು ಮಾತು ಕಲಿಸಿ: ‘ಬಿಸಿನೀರು ಬಿದ್ದಿತ್ತು, ಈಗ ಆರಾಮ ಅದೀನಿ, ಆಡೂಣು ಬಾ.’ ‘ಅವ್ವಾ, ಈ ಕಲಿ ಯಾವಾಗ ಹೊಕ್ಕೈತಿ?’ ಎಂದು ಕೇಳಿದರೆ ಪೂರ್ತಿ ಹೋಗುವುದಿಲ್ಲ, ಆದರೆ ಮೆತ್ತಗಾಗುತ್ತದೆ ಎನ್ನಿ.

ಮತ್ತೆ ಮತ್ತೆ ದವಾಖಾನೆಗೆ ತೋರಿಸಲು ಅಡ್ಡಿಯಿರುವುದು ಹಾದಿಯಲ್ಲಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರಿಗಾದರೆ ಅದರ ಮೇಸ್ತ್ರಿ ಮುಕ್ಕಾದಮನ ಮುನಿಸೂ ಸೇರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಹೋದ ಪಗಾರ ಅದರಲ್ಲಿ ಬರುವುದಿಲ್ಲ. ಹೀಗಾಗಿ ಮೂರನೆಯ ಭೇಟಿಗೇ ಎಷ್ಟೋ ಮನೆಯವರು ನಿಲ್ಲುತ್ತಾರೆ. ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಯಲ್ಲೇ ಸುಟ್ಟಗಾಯದ ಮಕ್ಕಳಿಗೆ ಫಿಜಿಯೋಥೆರಪಿ ಸಿಗುವಂತಾದರೆ ಅರ್ಧ ಸಮಸ್ಯೆ ನೀಗೀತು. ಪ್ರೆಷರ್ ಗಾರ್ಮೆಂಟ್ ಮಗು ಬೆಳೆದಂತೆ ಕೆಲವೇ ತಿಂಗಳಿಗೆ ಬಿಗಿಯಾಗುತ್ತದೆ, ಸಡಿಲವಾದರೂ ಉಪಯೋಗವಿಲ್ಲ. ರಬಕವಿ–ಬನಹಟ್ಟಿಯಂಥ ಬಟ್ಟೆಯ ಊರಿನಲ್ಲಿ ನಾಲ್ಕು ಜನ ದರ್ಜಿಗಳಿಗೆ ಅಳತೆ, ಬಿಗಿತ ಕಲಿಸುವುದು ಅಂಥ ದೊಡ್ಡ ಕೆಲಸವೇನಲ್ಲ.

ದವಾಖಾನೆಯ ಕಾಗದಗಳನ್ನು ಮಾತ್ರ ಎಸೆಯಬೇಡಿ. ಮಗು ಬೆಳೆಯುತ್ತದೆ, ಕಲೆ ಅದರ ಸಮಕ್ಕೆ ಬೆಳೆಯುವುದಿಲ್ಲ. ಆರನೆಯ ವರ್ಷದಲ್ಲಿ ಸಲೀಸಾಗಿದ್ದ ಕಂಕುಳು ಹನ್ನೆರಡು–ಹದಿಮೂರಕ್ಕೆ, ಮೈ ಒಮ್ಮೆಲೇ ಚಿಗುರುವ ಕಾಲಕ್ಕೆ, ಮತ್ತೆ ಬಿಗಿಯಬಹುದು. ಎದೆ ಸುಟ್ಟ ಹೆಣ್ಣುಮಕ್ಕಳಲ್ಲಿ ಇದನ್ನು ಹೆಚ್ಚು ಗಮನಿಸಬೇಕು, ಹುಡುಗಿ ತಾನಾಗಿ ಹೇಳಲು ನಾಚುತ್ತಾಳೆ. ಬಿಗಿತ ಕಂಡ ಕೂಡಲೇ ಹಳೆಯ ಫೈಲು, ರೇಷನ್ ಕಾರ್ಡ್, ಆಧಾರ್ ಹಿಡಿದು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದರೆ ಅದನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಆಗಲೂ ಆಗುತ್ತದೆ.